ಎಷ್ಟು ಔಷಧ ಸಾಕು?

ಉಲ್ಬಣಗೊಂಡ ಕ್ಯಾನ್ಸರ್‌ನಿಂದ ನರಳುತ್ತಿರುವ ರೋಗಿಗೆ 'ಹೊಸ ಔಷಧ' ಎಂಬ ಎರಡು ಪದಗಳೇ ಭರವಸೆಯಾಗಿ ಕಾಣುತ್ತವೆ. ಸಮ್ಮತಿಪತ್ರವನ್ನು ಪೂರ್ತಿ ಓದಿ ಸಹಿ ಹಾಕುವವರು ವಿರಳ. ಆದರೆ ಅದು ಮೊದಲ ಹಂತದ ಪ್ರಯೋಗವಾಗಿದ್ದರೆ, ಅದರ ಮುಖ್ಯ ಉದ್ದೇಶ ರೋಗವನ್ನು ವಾಸಿಮಾಡುವುದಲ್ಲ. ದೇಹ ಎಷ್ಟು ಔಷಧವನ್ನು ತಾಳಿಕೊಳ್ಳಬಲ್ಲದು ಎಂದು ಅರಿಯುವುದು. ಈ ವ್ಯತ್ಯಾಸವನ್ನು ರೋಗಿಗೆ ಮನದಟ್ಟು ಮಾಡದೆ ಪಡೆದ ಸಹಿಗೆ ನೈತಿಕ ಬೆಲೆಯಿಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ದಶಕಗಳಿಂದ ನಡೆದುಬಂದಿರುವ ಪದ್ಧತಿ ಸರಳವಾದುದು. ಮೊದಲು ಮೂವರು ರೋಗಿಗಳಿಗೆ ಕಡಿಮೆ ಪ್ರಮಾಣ. ಯಾರಿಗೂ ತೀವ್ರ ದುಷ್ಪರಿಣಾಮವಾಗದಿದ್ದರೆ ಮುಂದಿನ ಮೂವರಿಗೆ ಹೆಚ್ಚಿನ ಪ್ರಮಾಣ. ಒಬ್ಬರಿಗೆ ಆದರೆ ಅದೇ ಪ್ರಮಾಣವನ್ನು ಇನ್ನೂ ಮೂವರಿಗೆ ಕೊಟ್ಟು ನೋಡುತ್ತಾರೆ. ಇಬ್ಬರಿಗೆ ಆದರೆ ಏರಿಕೆ ಅಲ್ಲಿಗೇ ನಿಲ್ಲುತ್ತದೆ. ಅದರ ಹಿಂದಿನ ಮೆಟ್ಟಿಲೇ 'ಗರಿಷ್ಠ ಸಹನೀಯ ಪ್ರಮಾಣ'. ಔಷಧಗಳನ್ನು ಕೂಡಿಸಿದಾಗ ಲೆಕ್ಕ ಜಟಿಲವಾಗುತ್ತದೆ. ಎರಡೂ ಬಿಳಿರಕ್ತಕಣಗಳನ್ನು ಕುಗ್ಗಿಸುವಂಥವಾದರೆ, ಬಿಡಿಯಾಗಿ ಸಹ್ಯವಾದ ಪ್ರಮಾಣ ಜೊತೆಗೂಡಿದಾಗ ಮಾರಕವಾಗಬಹುದು.

ಪ್ರಮಾಣ ಹೆಚ್ಚಿದಷ್ಟೂ ಫಲ ಹೆಚ್ಚೆಂಬ ನಂಬಿಕೆ ಇದರ ತಳಹದಿ. ಜೀವಕೋಶಗಳನ್ನು ನೇರವಾಗಿ ಕೊಲ್ಲುವ ಹಳೆಯ ಔಷಧಗಳಿಗೆ ಇದು ಬಹುಮಟ್ಟಿಗೆ ಒಪ್ಪುತ್ತಿತ್ತು. ಹೊಸ ಔಷಧಗಳಿಗೆ ಒಪ್ಪಲೇಬೇಕೆಂದಿಲ್ಲ. ಅಮೆರಿಕದ ಔಷಧ ನಿಯಂತ್ರಕರು 2021ರಲ್ಲಿ ಶ್ವಾಸಕೋಶ ಕ್ಯಾನ್ಸರ್‌ನ ಸೊಟೊರಾಸಿಬ್ ಮಾತ್ರೆಗೆ ದಿನಕ್ಕೆ 960 ಮಿಲಿಗ್ರಾಂ ಪ್ರಮಾಣದಲ್ಲಿ ಅನುಮತಿ ಕೊಡುವಾಗಲೇ, 240 ಮಿಲಿಗ್ರಾಂನೊಂದಿಗೆ ಹೋಲಿಸಿ ನೋಡುವಂತೆ ಕಂಪನಿಗೆ ಸೂಚಿಸಿದರು.

ನಮ್ಮ ದೇಶದ ಉದಾಹರಣೆ ಇನ್ನೂ ಮಹತ್ವದ್ದು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಉಲ್ಬಣಗೊಂಡ ತಲೆ-ಕತ್ತಿನ ಕ್ಯಾನ್ಸರ್‌ನ 151 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೊಟಿನಿಬ್ ಮಾತ್ರೆಗಳ ಜೊತೆಗೆ ಅರ್ಧದಷ್ಟು ರೋಗಿಗಳಿಗೆ ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ನಿವೊಲುಮ್ಯಾಬ್ ಕೊಡಲಾಯಿತು. ರೂಢಿಯ ಪ್ರಮಾಣ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಒಂದು ವರ್ಷ ಬದುಕುಳಿದವರ ಪ್ರಮಾಣ ಶೇ 16ರಿಂದ ಶೇ 43ಕ್ಕೆ ಏರಿತು. ತೀವ್ರ ದುಷ್ಪರಿಣಾಮಗಳು ಹೆಚ್ಚಲಿಲ್ಲ. ಪೂರ್ಣ ಪ್ರಮಾಣದೊಂದಿಗೆ ಇಲ್ಲಿ ಹೋಲಿಕೆ ನಡೆದಿಲ್ಲವಾದ್ದರಿಂದ ಎರಡೂ ಸಮಾನವೆಂದು ಹೇಳಲಾಗದು. ಆದರೆ ಪೂರ್ಣ ಪ್ರಮಾಣದ ಬೆಲೆ ತೆರಲಾಗದ ಬಡವನಿಗೆ ಇರುವ ಆಯ್ಕೆ 20 ಮಿಲಿಗ್ರಾಂ ಅಥವಾ ಸೊನ್ನೆ ಎಂಬುದನ್ನು ಮರೆಯಲಾಗದು.

ಕಡಿಮೆ ಔಷಧ ಸಾಕೆಂದು ಸಾಬೀತುಪಡಿಸುವುದರಿಂದ ಯಾವ ಕಂಪನಿಗೂ ಲಾಭವಿಲ್ಲ. ಆದ್ದರಿಂದ ಇಂಥ ಪ್ರಯೋಗಗಳಿಗೆ ಸರ್ಕಾರವೇ ಹಣ ಒದಗಿಸಬೇಕು. ನಮ್ಮ 2019ರ ಔಷಧ ಪ್ರಯೋಗ ನಿಯಮಗಳು ಪ್ರಯೋಗದಿಂದ ಹಾನಿಗೊಳಗಾದವರಿಗೆ ಉಚಿತ ಚಿಕಿತ್ಸೆ, ಪರಿಹಾರಗಳನ್ನು ವಿಧಿಸಿವೆ. ಅದು ಅಗತ್ಯವೇ ಹೌದು. ಆದರೆ ಪರಿಹಾರವೆಂಬುದು ಹಾನಿಯಾದ ಮೇಲಿನ ಮಾತು. ತನಗೆ ಕೊಡುತ್ತಿರುವ ಪ್ರಮಾಣವನ್ನು ನಿರ್ಧರಿಸಿದ್ದು ತಾಳಿಕೆಯ ಮಿತಿಯೋ, ನಿಜವಾದ ಅಗತ್ಯವೋ ಎಂದು ಕೇಳುವ ಹಕ್ಕು ರೋಗಿಗೆ ಸಹಿಗೆ ಮುನ್ನವೇ ಇದೆ. ಅದಕ್ಕೆ ಅವನ ಭಾಷೆಯಲ್ಲೇ ಉತ್ತರ ಸಿಗಬೇಕು.