ಗಣಿತ ಸ್ಪರ್ಧೆ: ಬಹುಮಾನವೊಂದೇ ಫಲಿತಾಂಶವೇ?

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಯಾವುದಾದರೊಂದು ಶಾಲೆಯಲ್ಲಿ ಗಣಿತ ಸ್ಪರ್ಧೆ ಮುಗಿದ ಮೇಲಿನ ಅರ್ಧ ತಾಸನ್ನು ಗಮನವಿಟ್ಟು ನೋಡಬೇಕು. ಆರು, ಏಳನೆಯ ತರಗತಿಯ ಮಕ್ಕಳು ಜಗಲಿಗೆ ಬಂದೊಡನೆ ಪರಸ್ಪರ ಕೇಳುವ ಮೊದಲ ಮಾತು 'ನಿಂಗೆ ಎಷ್ಟು ಬಂತು?' ಎಂಬುದು. ಒಬ್ಬನಿಗೆ 50 ಬಂದಿದೆ, ಇನ್ನೊಬ್ಬಳಿಗೆ 60. ಕೂಡಲೇ ವಾದ ಹುಟ್ಟುತ್ತದೆ, ಅಂಗಳದ ಮಣ್ಣಿನ ಮೇಲೆ ಕಡ್ಡಿಯಿಂದ ಲೆಕ್ಕ ಬರೆಯಲಾಗುತ್ತದೆ, ಮೂರನೆಯವನು ಬಂದು ಇಬ್ಬರನ್ನೂ ಅಲ್ಲಗಳೆಯುತ್ತಾನೆ. ಅಷ್ಟರಲ್ಲಿ ಹಿರಿಯರೊಬ್ಬರ ಧ್ವನಿ ಕೇಳಿಬರುತ್ತದೆ: 'ಆದದ್ದು ಆಯಿತು, ಬಸ್ಸಿಗೆ ಹೊತ್ತಾಯಿತು, ನಡೆಯಿರಿ.' ಮಕ್ಕಳು ಚೀಲ ಎತ್ತಿಕೊಳ್ಳುತ್ತಾರೆ. ಆ ಸ್ಪರ್ಧೆಯಿಂದ ದೊರೆಯಬಹುದಾಗಿದ್ದ ವಿದ್ಯೆಯ ಬಹುಭಾಗ ಅಂಗಳದ ಮಣ್ಣಿನಲ್ಲಿಯೇ ಉಳಿದುಬಿಡುತ್ತದೆ. ಆಮೇಲೆ ಊರಿಗೆ ತಿಳಿಯುವುದು ಮೂರು ಹೆಸರು, ಮೂರು ಸ್ಮರಣಿಕೆ ಮತ್ತು ಒಂದು ಭಾವಚಿತ್ರ.

ಇದನ್ನೇ ಫಲಿತಾಂಶವೆಂದು ಕರೆಯುವ ಪದ್ಧತಿ ಎಷ್ಟು ರೂಢವಾಗಿದೆಯೆಂದರೆ, ಬೇರೊಂದು ಬಗೆಯ ಫಲಿತಾಂಶ ಸಾಧ್ಯವೆಂಬ ಕಲ್ಪನೆಯೂ ಪಾಲಕರಲ್ಲಿ, ದಾನಿಗಳಲ್ಲಿ ಮೂಡುವುದಿಲ್ಲ.

ಸ್ಪರ್ಧೆಗಳೇ ಬೇಡವೆಂಬ ವಾದ ಇಲ್ಲಿಯದಲ್ಲ. ಬೆಂಗಳೂರಿನ ಅಕ್ಷರ ಫೌಂಡೇಶನ್ ರಾಜ್ಯದ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸರ್ಕಾರಿ ಶಾಲೆಗಳ 4, 5 ಮತ್ತು 6ನೆಯ ತರಗತಿಯ ಮಕ್ಕಳಿಗಾಗಿ ಏರ್ಪಡಿಸಿದ ಗಣಿತ ಸ್ಪರ್ಧೆಗಳ ಹಿಂದಿನ ಆಲೋಚನೆ ಉದಾತ್ತವಾದುದು. ತಮ್ಮ ಮಕ್ಕಳಿಗೆ ಭಾಗಾಕಾರ ಬರುತ್ತದೆಯೇ, ಭಿನ್ನರಾಶಿ ಬರುತ್ತದೆಯೇ ಎಂಬುದು ಪಂಚಾಯಿತಿಗೂ ಪಾಲಕರಿಗೂ ಕಣ್ಣಾರೆ ತಿಳಿಯಲಿ ಎಂಬುದೇ ಅದರ ಆಶಯ. ಚೆನ್ನೈಯಲ್ಲಿ 1965ರಲ್ಲಿ ಸ್ಥಾಪಿತವಾದ ಭಾರತೀಯ ಗಣಿತ ಶಿಕ್ಷಕರ ಸಂಘ ನಡೆಸುವ ರಾಷ್ಟ್ರೀಯ ಗಣಿತ ಪ್ರತಿಭಾ ಸ್ಪರ್ಧೆಯಲ್ಲಿ 7 ಮತ್ತು 8ನೆಯ ತರಗತಿಗಳಿಗೆಂದೇ ಪ್ರತ್ಯೇಕ ಹಂತವಿದೆ. ಸಂಘಟಕರ ಮೇಲೆ ದೋಷ ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ. ದೋಷವಿರುವುದು ವೇದಿಕೆಯ ಮುಂದಿನ ಕುರ್ಚಿಗಳಲ್ಲಿ. ಮಗು ಮನೆಗೆ ಬಂದಾಗ 'ಎಷ್ಟನೇ ನಂಬರು?' ಎಂದು ಕೇಳುವವರು 'ಯಾವ ಲೆಕ್ಕ ಕೊಟ್ಟಿದ್ದರು?' ಎಂದು ಕೇಳುವುದಿಲ್ಲ.

ಜಗಲಿಯ ಮೇಲಿನ ಆ ವಾದ ಎಂಥದೆಂಬುದನ್ನು ಒಂದು ಉದಾಹರಣೆಯಿಂದಲೇ ನೋಡುವುದು ಉಚಿತ. ಇಂಥ ಸ್ಪರ್ಧೆಗಳಲ್ಲಿ ಬರಬಹುದಾದ ಒಂದು ಸಮಸ್ಯೆಯನ್ನು ಮಲೆನಾಡಿನ ಅಂಗಳಕ್ಕೆ ಹೊಂದಿಸಿ ಹೀಗೆ ಹೇಳಬಹುದು: 100 ಕಿಲೋ ಹಸಿ ಕಾಳುಮೆಣಸಿನಲ್ಲಿ ತೂಕದ ಶೇಕಡಾ 60ರಷ್ಟು ನೀರಿದೆಯೆಂದು ಭಾವಿಸಿ, ಬಿಸಿಲಿಗೆ ಒಣಗಿಸಿದ ನಂತರ ಶೇಕಡಾ 20ರಷ್ಟು ನೀರು ಉಳಿದಿದೆ, ಈಗ ಅದರ ತೂಕವೆಷ್ಟು? ಮೊದಲ ನೋಟಕ್ಕೆ ಅನೇಕರು 60 ಕಿಲೋ ಎಂದುಬಿಡುತ್ತಾರೆ. ಅರವತ್ತರಿಂದ ಇಪ್ಪತ್ತು ಕಳೆದರೆ ನಲವತ್ತು, ನೂರರಿಂದ ಆ ನಲವತ್ತನ್ನು ಕಳೆದರೆ ಅರವತ್ತು. ವಯಸ್ಕರನ್ನು ಕೇಳಿದರೂ, ವ್ಯಾಪಾರಸ್ಥರನ್ನು ಕೇಳಿದರೂ, ಬಹಳ ಸಲ ಇದೇ ಉತ್ತರ ಬರುವುದುಂಟು.

ಸರಿಯಾದ ಉತ್ತರ 50 ಕಿಲೋ. ಅದನ್ನು ಕಂಡುಕೊಳ್ಳುವ ಹುಡುಗ ನೀರನ್ನು ಬಿಟ್ಟು, ನೀರಲ್ಲದ ಭಾಗವನ್ನು ಹಿಡಿಯುತ್ತಾನೆ. ಹಸಿಯಾಗಿದ್ದಾಗ ಅದು 40 ಕಿಲೋ. ಒಣಗಿದ ಮೇಲೂ ಅದು 40 ಕಿಲೋ, ಏಕೆಂದರೆ ಬಿಸಿಲು ಅದನ್ನು ಒಯ್ಯಲಾರದು. ಈಗ ಈ 40 ಕಿಲೋ ಒಟ್ಟು ತೂಕದ ಐದರಲ್ಲಿ ನಾಲ್ಕು ಭಾಗ. ಆದುದರಿಂದ ಒಟ್ಟು 50. ಇನ್ನೊಬ್ಬಳು ಇದೇ ಉತ್ತರಕ್ಕೆ ಬೀಜಗಣಿತದ ದಾರಿಯಿಂದ ಬರುತ್ತಾಳೆ. ಆವಿಯಾದ ನೀರು x ಎಂದಿಟ್ಟುಕೊಂಡು, ಉಳಿದ ನೀರು 60−x, ಉಳಿದ ತೂಕ 100−x, ಮೊದಲನೆಯದು ಎರಡನೆಯದರ ಐದನೆಯ ಒಂದು ಭಾಗ ಎಂದು ಬರೆದು x = 50 ಎಂದು ತೋರಿಸುತ್ತಾಳೆ. ಮೂರನೆಯವನು ಯಾವ ಸೂತ್ರವೂ ಇಲ್ಲದೆ 60 ಎಂಬ ಉತ್ತರವನ್ನೇ ಪರೀಕ್ಷೆಗೆ ಒಡ್ಡುತ್ತಾನೆ: ಒಣಗಿದ್ದು 60 ಕಿಲೋ ಆದರೆ ಅದರಲ್ಲಿ ನೀರು 20 ಕಿಲೋ, ಅಂದರೆ ಮೂರರಲ್ಲೊಂದು ಭಾಗ, ಅದು ಶೇಕಡಾ 20 ಹೇಗಾದೀತು? ಈ ಮೂವರಲ್ಲಿ ಯಾರು ಹೆಚ್ಚಿನವರು ಎಂಬುದನ್ನು ನಿರ್ಣಯಿಸುವುದು ಪಂಡಿತರಿಗೂ ಕಷ್ಟ. ಮೂರನೆಯವನ ಕ್ರಮವನ್ನು ಕಲಿತ ಮಗು ಜೀವನದಲ್ಲಿ ಸುಲಭವಾಗಿ ಮೋಸಹೋಗಲಾರದು ಎಂದು ಮಾತ್ರ ಧೈರ್ಯವಾಗಿ ಹೇಳಬಹುದು.

ಈಗ 60 ಎಂದು ಬರೆದ ಬಾಲಕಿಯ ಗತಿಯೇನು? ಅವಳ ಉತ್ತರಪತ್ರಿಕೆಗೆ ಒಂದು ಕೆಂಪು ಗುರುತು ಬಿದ್ದಿದೆ. ಆ ಪತ್ರಿಕೆ ಯಾವುದೋ ಕಪಾಟಿನಲ್ಲಿದೆ. ಅವಳಿಗೆ ತಿಳಿದಿರುವುದು ತನ್ನ ಹೆಸರು ಆ ಮೂರರಲ್ಲಿ ಇಲ್ಲವೆಂಬುದಷ್ಟೇ. ತಾನು ಎರಡು ಬೇರೆಬೇರೆ ತೂಕಗಳ ಮೇಲಿನ ಶೇಕಡಾಗಳನ್ನು ಒಂದರಿಂದೊಂದು ಕಳೆದೆನೆಂಬುದು ಅವಳಿಗೆ ತಿಳಿದಿಲ್ಲ. ನಾಳೆ ಅವಳು ಬ್ಯಾಂಕಿನ ಸಾಲದ ಕಾಗದಕ್ಕೆ ಸಹಿ ಹಾಕುವಾಗಲೂ, ಅಂಗಡಿಯ ರಿಯಾಯಿತಿ ಫಲಕವನ್ನು ನೋಡುವಾಗಲೂ ಅದೇ ತಪ್ಪು ಅವಳ ಜೊತೆಗಿರುತ್ತದೆ. ಬೆಲೆಯನ್ನು ಮೊದಲು ಶೇಕಡಾ 20 ಏರಿಸಿ ಅನಂತರ ಶೇಕಡಾ 20 ಇಳಿಸಿದರೆ ನೂರರ ಮಾಲು ತೊಂಬತ್ತಾರಕ್ಕೆ ಬರುತ್ತದೆಂಬುದನ್ನು ಅರಿಯದ ಗಿರಾಕಿಗೆ 'ಇಪ್ಪತ್ತರಷ್ಟು ಸೋಡಿ' ಎಂದು ಹೇಳಿ ನಾಲ್ಕು ರೂಪಾಯಿಯನ್ನಷ್ಟೇ ಬಿಟ್ಟುಕೊಡುವ ವಿದ್ಯೆ ಪೇಟೆಯಲ್ಲಿ ಹೊಸದೇನಲ್ಲ.

ಶಿರಸಿಯ ಅಡಿಕೆ ವಹಿವಾಟನ್ನು ಬಲ್ಲವರು ಇನ್ನೊಂದು ಹೋಲಿಕೆಯನ್ನು ಕ್ಷಮಿಸಬೇಕು. ರೈತನ ಮಾಲು ರಾಶಿಯೋ, ಚಾಲಿಯೋ, ಬೆಟ್ಟೆಯೋ, ಕೋಕವೋ ಎಂಬುದು ಅವನ ಕಣ್ಣೆದುರಿಗೇ ನಿರ್ಣಯವಾಗುತ್ತದೆ. ದರ ಕಡಿಮೆಯಾದರೆ ಅವನು ಮೂಟೆಗೆ ಕೈಹಾಕಿ ಒಂದು ಹಿಡಿ ತೆಗೆದು ಏಕೆ ಎಂದು ಕೇಳಬಲ್ಲ. ಟೆಂಡರು ಒಪ್ಪಿಗೆಯಾಗದಿದ್ದರೆ ಮಾಲನ್ನು ಕೊಡದೆ ಇಟ್ಟುಕೊಳ್ಳಬಲ್ಲ. ತೋಟಗಾರ್ಸ್ ಸೇಲ್ ಸೊಸೈಟಿಯನ್ನು 1923ರಲ್ಲಿ ಕಟ್ಟಿದ ಹಿರಿಯರ ಸೀಮೆಯಿದು. ಬೆಳೆಗಾರನಿಗೆ ತನ್ನ ಮಾಲಿನ ಲೆಕ್ಕ ಕಾಣಬೇಕೆಂಬ ಹಟ ಇಲ್ಲಿಯವರ ರಕ್ತದಲ್ಲಿದೆ. ಅಡಿಕೆಯ ಮೂಟೆಗೆ ಸಲ್ಲುವ ಈ ಮರ್ಯಾದೆ ಹನ್ನೆರಡು ವರ್ಷದ ಮಗುವಿನ ಉತ್ತರಪತ್ರಿಕೆಗೆ ಏಕೆ ಸಲ್ಲಬಾರದು?

ಇದಕ್ಕೆ ಎದುರಾಗಿ ಬರುವ ಮಾತುಗಳಲ್ಲಿ ಒಂದು ಅಹಿಂಸೆಯ ಹೆಸರಿನದು. ಮಗುವಿನ ತಪ್ಪನ್ನು ಎಲ್ಲರೆದುರು ಚರ್ಚಿಸಿದರೆ ಅದರ ಮನಸ್ಸಿಗೆ ನೋವಾಗುವುದಿಲ್ಲವೇ, ಎಂದು ಸಜ್ಜನರು ಕೇಳುತ್ತಾರೆ. ಮಾತು ಒಳ್ಳೆಯದೇ, ಆದರೆ ಹೇಳುವವರ ನಡೆಗೆ ಅದು ಹೊಂದುವುದಿಲ್ಲ. ಅರವತ್ತು ಮಕ್ಕಳನ್ನು ಕೂರಿಸಿ ಮೂವರನ್ನು ಮಾತ್ರ ಮೇಲಕ್ಕೆ ಕರೆದು ಉಳಿದ ಐವತ್ತೇಳು ಮಂದಿಯಿಂದ ಚಪ್ಪಾಳೆ ತಟ್ಟಿಸುವಾಗ ನೋವಿನ ವಿಚಾರ ಯಾರಿಗೂ ನೆನಪಾಗುವುದಿಲ್ಲ. ತಪ್ಪನ್ನು ಹೇಳಲು ಹೆಸರು ಹೇಳಬೇಕಾಗಿಲ್ಲ. 'ಕೆಲವರು 60 ಎಂದು ಬರೆದಿದ್ದಾರೆ, ಅವರು ಹೇಗೆ ಯೋಚಿಸಿರಬಹುದು?' ಎಂದು ಕರಿಹಲಗೆಯ ಮೇಲೆ ಬರೆದರೆ ಸಾಕು. ಆಗ ಬಾಲಕಿ ತಾನೇ ಕೈ ಎತ್ತುವ ಸಂಭವವೂ ಇದೆ.

ಇನ್ನೊಂದು ಮಾತು ಹೆಚ್ಚು ಅಪಾಯಕಾರಿ. ಅದು ಅನೇಕಾಂತದ ಮುಸುಕು ತೊಟ್ಟು ಬರುತ್ತದೆ. ಎಲ್ಲರ ದೃಷ್ಟಿಯಲ್ಲಿಯೂ ಸತ್ಯಾಂಶವಿರುತ್ತದೆ, ಮಕ್ಕಳ ಉತ್ತರ ಸರಿ ತಪ್ಪು ಎಂದು ಜಗಳವೇಕೆ, ಪ್ರಯತ್ನವೇ ಮುಖ್ಯ ಎಂಬ ಈ ಸವಿಮಾತನ್ನು ಬಹುಮಾನ ವಿತರಣೆಯ ಭಾಷಣಗಳಲ್ಲಿ ಕೇಳಬಹುದು. ಅನೇಕಾಂತವನ್ನು ಇಷ್ಟು ಅಗ್ಗ ಮಾಡಿದ್ದು ಶೋಚನೀಯ. 50 ಮತ್ತು 60 ಎರಡೂ ಸರಿಯೆಂದು ಸ್ಯಾದ್ವಾದ ಎಲ್ಲಿಯೂ ಹೇಳುವುದಿಲ್ಲ. ಯಾವ ಅಪೇಕ್ಷೆಯಿಂದ ಈ ಮಾತು ಸತ್ಯ ಎಂದು ಅದು ಕೇಳುತ್ತದೆ. ಹಸಿ ತೂಕದ ಶೇಕಡಾ 40 ಭಾಗ ಹೋಯಿತೆಂದು ಸಮಸ್ಯೆಯಲ್ಲಿ ಹೇಳಿದ್ದರೆ 60 ಸತ್ಯವಾಗುತ್ತಿತ್ತು. ಒಣ ತೂಕದ ಶೇಕಡಾ 20 ಉಳಿಯಿತೆಂದು ಹೇಳಿರುವುದರಿಂದ ಅದು ಅಸತ್ಯ. ಯಾವುದರ ಶೇಕಡಾ ಎಂದು ಹೇಳದ ಶೇಕಡಾ ಅಪೇಕ್ಷೆಯನ್ನು ಮರೆತ ದುರ್ನಯ. ಪಾಠಶಾಲೆಯಲ್ಲಿ ಸಪ್ತಭಂಗಿಯನ್ನು ಬಾಯಿಪಾಠ ಮಾಡಿಸುವ ಗುರುಗಳು ಈ ಕಾಳುಮೆಣಸಿನ ಲೆಕ್ಕವನ್ನು ಒಮ್ಮೆ ಬಿಡಿಸಲು ಕೊಟ್ಟರೆ ಮಕ್ಕಳಿಗೆ 'ಸ್ಯಾತ್' ಶಬ್ದದ ಅರ್ಥ ಬೇಗ ಹತ್ತೀತು.

ಗಣಿತದ ಪ್ರಸ್ತಾಪ ಬಂದಾಗಲೆಲ್ಲ ಜೈನ ಸಭೆಗಳಲ್ಲಿ ಮಹಾವೀರಾಚಾರ್ಯರ ಹೆಸರು ಬರುವುದು ಸಹಜ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಕನ್ನಡನಾಡಿನಲ್ಲಿ ರಚಿತವಾದ 'ಗಣಿತಸಾರಸಂಗ್ರಹ' ನಿಜಕ್ಕೂ ಅಭಿಮಾನದ ಗ್ರಂಥ. ಸ್ವಾದಿಯ ಮಠ, ಬಿಳಗಿಯ ಬಸದಿಗಳಿರುವ ಈ ಸೀಮೆಯಲ್ಲಿ ಆ ಹೆಸರು ಅಪರಿಚಿತವೂ ಅಲ್ಲ. ಆದರೆ ಹೊಗಳುವವರಲ್ಲಿ ಎಷ್ಟು ಮಂದಿ ಅದರ ಒಂದಾದರೂ ಲೆಕ್ಕವನ್ನು ಬಿಡಿಸಿದ್ದಾರೆ? 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಅದನ್ನು ಪ್ರಕಟಿಸಿದರು. 2000ದಲ್ಲಿ ಹೊಂಬುಜ ಮಠದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಹೊರಬಂದಿತು. ಗ್ರಂಥ ದುರ್ಲಭವೆಂಬ ನೆಪ ಉಳಿದಿಲ್ಲ.

ಆ ಗ್ರಂಥದ ತುಂಬ ಇರುವುದು ಉದಾಹರಣೆಯ ಸಮಸ್ಯೆಗಳು. ಒಂದನ್ನು ಅಂಶಸ್ಥಾನದಲ್ಲಿ ಒಂದೇ ಇರುವ ಭಿನ್ನರಾಶಿಗಳ ಮೊತ್ತವಾಗಿ ಬರೆಯುವ ಆಚಾರ್ಯರ ವಿಧಾನ ಆರನೆಯ ತರಗತಿಯ ಮಗುವಿಗೂ ಎಟುಕುವಂಥದು: ಒಂದರಿಂದ ಮೊದಲುಗೊಂಡು ಮೂರುಪಟ್ಟು ಏರುವ ಛೇದಗಳನ್ನು ಬರೆದು, ಮೊದಲನೆಯದನ್ನು ಎರಡರಿಂದಲೂ ಕೊನೆಯದನ್ನು ಮೂರನೆಯ ಎರಡರಿಂದಲೂ ಗುಣಿಸಬೇಕು. 1, 3, 9, 27 ಎಂಬವು 2, 3, 9, 18 ಆಗುತ್ತವೆ. ಅರ್ಧ, ಮೂರನೆಯ ಒಂದು, ಒಂಬತ್ತನೆಯ ಒಂದು, ಹದಿನೆಂಟನೆಯ ಒಂದು ಸೇರಿದರೆ ಪೂರ್ಣ ಒಂದು. ಏಕೆ ಹೀಗಾಗುತ್ತದೆ ಎಂದು ನಾಲ್ಕು ಮಕ್ಕಳು ಒಂದು ಸಂಜೆ ಜಗಳವಾಡಿದರೆ ಆಚಾರ್ಯರಿಗೆ ಅದಕ್ಕಿಂತ ದೊಡ್ಡ ಜಯಂತಿ ಬೇಕಾಗದು.

ಅದೇ ಗ್ರಂಥದಲ್ಲಿ ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂಬ ಮಾತೂ ಇದೆ. ಇದು ಸರಿಯಲ್ಲ. ಭಾಷಣಕಾರರು ಈ ಅಂಶವನ್ನು ದಾಟಿಕೊಂಡು ಹೋಗುತ್ತಾರೆ, ಅದನ್ನು ಹೇಳಿದರೆ ಆಚಾರ್ಯರಿಗೆ ಅಗೌರವವಾದೀತೆಂಬ ಭಯದಿಂದ. ಭಾಸ್ಕರಾಚಾರ್ಯರು 1150ರಲ್ಲಿ ಅದನ್ನೇ 'ಖಹರ'ವೆಂದು ಬೇರೆಯಾಗಿ ವಿವೇಚಿಸಿದರು. ಇಂದಿನ ಶಾಲೆಯ ಮಗು ಸೊನ್ನೆಯಿಂದ ಭಾಗಾಕಾರಕ್ಕೆ ಅರ್ಥವಿಲ್ಲವೆಂದು ಕಲಿಯುತ್ತದೆ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದವರೂ ಇದೇ ಮಹಾವೀರಾಚಾರ್ಯರೇ. ಸಾವಿರದ ನೂರು ವರ್ಷಗಳಿಂದ ಅವರ ಒಪ್ಪು ತಪ್ಪುಗಳೆರಡೂ ಗಣಿತಜ್ಞರ ಮಾತಿನಲ್ಲಿ ಉಳಿದಿವೆ, ಅವರ ಕೀರ್ತಿ ಒಂದು ಕೂದಲೆಳೆಯಷ್ಟೂ ಕುಂದಿಲ್ಲ. ಯಲ್ಲಾಪುರದ ಕಾಡಂಚಿನ ಶಾಲೆಯಿಂದ ಬಂದ ಬಾಲಕಿಯ 60ಕ್ಕೆ ಮಾತ್ರ ಮುಚ್ಚುಮರೆ ಏಕೆ ಬೇಕು?

ಹಂಗೇರಿಯೆಂಬ ಸಣ್ಣ ದೇಶದಲ್ಲಿ 1894ರಷ್ಟು ಹಿಂದೆಯೇ ದಾನಿಯೆಲ್ ಅರಾನಿ ಎಂಬ ಶಿಕ್ಷಕರು ಮಾಧ್ಯಮಿಕ ಶಾಲೆಯ ಮಕ್ಕಳಿಗಾಗಿ ಗಣಿತದ ಮಾಸಪತ್ರಿಕೆಯೊಂದನ್ನು ಆರಂಭಿಸಿದರು. ಸಮಸ್ಯೆಗಳನ್ನು ಪ್ರಕಟಿಸುವುದು, ಮಕ್ಕಳು ಕಳಿಸಿದ ಪರಿಹಾರಗಳಲ್ಲಿ ಉತ್ತಮವಾದವನ್ನು ಬಿಡಿಸಿದವರ ಹೆಸರಿನೊಡನೆ ಅಚ್ಚು ಮಾಡುವುದು ಅದರ ಕ್ರಮ. ಅದರಲ್ಲಿ ಲೆಕ್ಕ ಬಿಡಿಸಿ ಕಳಿಸುತ್ತಿದ್ದ ಹುಡುಗರಲ್ಲೊಬ್ಬ ಪಾಲ್ ಏರ್ಡಿಷ್, ಮುಂದೆ ಇಪ್ಪತ್ತನೆಯ ಶತಮಾನದ ಅಗ್ರಗಣ್ಯ ಗಣಿತಜ್ಞರಲ್ಲೊಬ್ಬ. ಭಾವಚಿತ್ರಗಳನ್ನು ಅಲ್ಲಿಯೂ ಅಚ್ಚು ಮಾಡುತ್ತಿದ್ದರು. ಅವುಗಳ ಜೊತೆಗೆ ಲೆಕ್ಕವೂ ಇರುತ್ತಿತ್ತು.

ವಣಿಕ ಸಮಾಜಕ್ಕೆ ಈ ತತ್ತ್ವವನ್ನು ಹೊರಗಿನವರು ಕಲಿಸಬೇಕಾಗಿಲ್ಲ. ತಾಳೆಪಟ್ಟಿ ಹೊಂದದಿದ್ದಾಗ ಮುನೀಮರು ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡುತ್ತಾರೆ. ನಿಃಶೇಷವಾಗಿ ಭಾಗವಾದರೆ ಎಲ್ಲಿಯೋ ಅಂಕಿಗಳು ಅದಲುಬದಲಾಗಿರಬಹುದು, 540 ಎಂಬಲ್ಲಿ 450 ಎಂದು ಬಿದ್ದಿರಬಹುದು ಎಂದು ಹುಡುಕುತ್ತಾರೆ. ತಪ್ಪಿಗೂ ಒಂದು ಹೆಜ್ಜೆಗುರುತಿದೆಯೆಂದು ನಂಬಿದವರ ಕ್ರಮವಿದು. ವ್ಯತ್ಯಾಸವನ್ನು ಹುಡುಕದೆ ವರ್ಷದ ಪುಸ್ತಕ ಮುಚ್ಚುವ ಗುಮಾಸ್ತನನ್ನು ಯಾವ ಅಂಗಡಿಯವನೂ ಇಟ್ಟುಕೊಳ್ಳುವುದಿಲ್ಲ. ಹಾಗೆ ಮುಚ್ಚಿದ ಸ್ಪರ್ಧೆಗೆ ಮಾತ್ರ ದೇಣಿಗೆ ಕೊಟ್ಟು ಅಧ್ಯಕ್ಷತೆಯನ್ನೂ ವಹಿಸಲಾಗುತ್ತದೆ.

ಶಿಕ್ಷಕರಿಗೆ ಸಮಯವಿಲ್ಲವೆಂಬ ಆಕ್ಷೇಪಣೆ ಮಾತ್ರ ನಿಜವಾದುದು. ಒಬ್ಬರೋ ಇಬ್ಬರೋ ಶಿಕ್ಷಕರು ಎಲ್ಲ ತರಗತಿಗಳನ್ನೂ ನೋಡಿಕೊಳ್ಳಬೇಕಾದ ಶಾಲೆಗಳು ಈ ಮೂರು ತಾಲ್ಲೂಕುಗಳಲ್ಲಿವೆ, ಮಕ್ಕಳಿಗೆ ಸಂಜೆಯ ಬಸ್ಸು ತಪ್ಪಿದರೆ ಕಾಡುದಾರಿಯ ನಡಿಗೆಯೂ ಇದೆ. ಆದುದರಿಂದಲೇ ಚರ್ಚೆ ಅದೇ ದಿನ ನಡೆಯಬೇಕಾಗಿಲ್ಲ. ಪ್ರಶ್ನೆಪತ್ರಿಕೆಯೂ ತಿದ್ದಿದ ಉತ್ತರಪತ್ರಿಕೆಯ ಪ್ರತಿಯೂ ಮಗುವಿನ ಶಾಲೆಗೆ ಮರಳಲಿ. ಮುಂದಿನ ಯಾವುದಾದರೊಂದು ಶನಿವಾರದ ಬೆಳಗಿನ ಎರಡು ತಾಸು ಮಕ್ಕಳೇ ಹಲಗೆಯ ಮುಂದೆ ನಿಲ್ಲಲಿ, ಶಿಕ್ಷಕರು ಹಿಂದಿನ ಬೆಂಚಿನಲ್ಲಿ ಕುಳಿತಿರಲಿ. ಅಂಗಡಿಯಲ್ಲಿ ದಿನವೂ ಶೇಕಡಾ ಲೆಕ್ಕ ಮಾಡುವ ಶ್ರಾವಕರೊಬ್ಬರು ಬಿಡುವು ಮಾಡಿಕೊಂಡು ಹೋದರೆ ಜ್ಞಾನದಾನ ಎಂಬ ಶಬ್ದಕ್ಕೂ ಸ್ವಲ್ಪ ಅರ್ಥ ಬಂದೀತು. ನೆರಳಚ್ಚಿನ ಖರ್ಚಿಗೆ ಹೊಸ ನಿಧಿ ಬೇಡ, ಅತಿಥಿಗಳ ಶಾಲು ಹಾರಗಳನ್ನು ಒಂದು ವರ್ಷ ಕೈಬಿಟ್ಟರೆ ಸಾಕು. ಮುಂದಿನ ಸ್ಪರ್ಧೆಯ ಆಮಂತ್ರಣ ಪತ್ರಿಕೆಯಲ್ಲಿ ದಾನಿಗಳ ಹೆಸರಿನ ಕೆಳಗೆ ಒಂದು ಸಾಲಿನ ಜಾಗ ಬಿಟ್ಟು, ಉತ್ತರಗಳ ಚರ್ಚೆ ಯಾವ ದಿನ, ಎಷ್ಟು ಗಂಟೆಗೆ, ಯಾವ ಶಾಲೆಯಲ್ಲಿ ಎಂಬುದನ್ನೂ ಅಚ್ಚು ಮಾಡಿಸಲಿ.