ಎಂಟನೇ ತರಗತಿಗೆ ಬಂದ ಕೂಡಲೇ ಚೆಂಡು ಅಟ್ಟ ಸೇರಬೇಕೇ?

ನನ್ನ ಹಿರಿಯ ಮಗಳು ಏಳನೇ ತರಗತಿಯವರೆಗೆ ಶಾಲೆಯ ಬಾಸ್ಕೆಟ್‌ಬಾಲ್ ತಂಡದಲ್ಲಿದ್ದಳು. ಎಂಟಕ್ಕೆ ಬಂದಾಗ ಆಟ ಬಿಡಿಸಿದವಳು ನಾನೇ. "ದೊಡ್ಡವಳಾಗಿದ್ದೀ, ಓಡಿ ಜಿಗಿದದ್ದು ಸಾಕು" ಎಂದೆ. ಅವಳು ವಾದಿಸಲಿಲ್ಲ. ಚೆಂಡನ್ನು ಅಟ್ಟದ ಮೇಲೆ ಇಟ್ಟು ಬಂದಳು. ಆಟದ ಹೊತ್ತಿಗೆ ಟ್ಯೂಷನ್ ಬಂತು, ಬಳಿಕ ಮೊಬೈಲ್ ಬಂತು. ಪಿಯುಸಿಗೆ ಸೇರುವಷ್ಟರಲ್ಲಿ ಎರಡು ಮಹಡಿ ಹತ್ತಿದರೆ ಏದುಸಿರು, ತಲೆಸುತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಎಂಟೂವರೆ!

ಆಟ ಬಿಟ್ಟದ್ದರಿಂದಲೇ ರಕ್ತಹೀನತೆ ಬಂತೆಂದು ನಾನು ಹೇಳುವುದಿಲ್ಲ. ಅದಕ್ಕೆ ಊಟದಲ್ಲಿನ ಕೊರತೆ, ಮುಟ್ಟಿನ ಸ್ರಾವ ಹೀಗೆ ಬೇರೆ ಕಾರಣಗಳಿವೆ. ಆದರೆ ಆಡುವ ಹುಡುಗಿಯ ದಣಿವು ಮೈದಾನದಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಮನೆಯಲ್ಲಿ ಕುಳಿತ ಹುಡುಗಿಯ ದಣಿವಿಗೆ ನಾವು ಸೋಮಾರಿತನ ಎಂದು ಹೆಸರಿಡುತ್ತೇವೆ. ನಾನೂ ಹಾಗೆಯೇ ಬೈದಿದ್ದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಅಂದರೆ ಇದು ನನ್ನೊಬ್ಬಳ ಮನೆಯ ಕಥೆಯಲ್ಲ.

ಗಂಡುಮಕ್ಕಳ ಸ್ಥಿತಿಯೂ ಹೆಮ್ಮೆಪಡುವಂತಿಲ್ಲ. ವಾರಕ್ಕೊಮ್ಮೆ ರಾತ್ರಿ ಟರ್ಫ್‌ನಲ್ಲಿ ಒಂದು ಗಂಟೆ ಫುಟ್‌ಬಾಲ್, ಅದು ಮುಗಿದ ಮೇಲೆ ಅಲ್‌ಫಾಹಮ್, ತಂಪು ಪಾನೀಯ. ಉಳಿದ ಆರು ದಿನ ಬೈಕ್ ಇಳಿದು ನಡೆಯುವುದೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತಹ ಚಟುವಟಿಕೆ ಬೇಕು ಎನ್ನುತ್ತದೆ. ವಾರದಲ್ಲಿ ಕನಿಷ್ಠ ಮೂರು ದಿನವಾದರೂ ಮೂಳೆ ಮತ್ತು ಸ್ನಾಯುಗಳನ್ನು ಬಲಪಡಿಸುವ ಕಸರತ್ತು ಇರಬೇಕು. ಮೂಳೆಯ ಗಟ್ಟಿತನದ ಬಹುಪಾಲು ಹದಿಹರೆಯ ಮುಗಿಯುವುದರೊಳಗೆ ಕೂಡಿಬರುತ್ತದೆ. ಓಡುವುದು, ಜಿಗಿಯುವುದು ಅದಕ್ಕೆ ನೆರವಾಗುತ್ತದೆ. ಸರಿಯಾಗಿ ಆ ವಯಸ್ಸಿನಲ್ಲೇ ನಾವು ಹೆಣ್ಣುಮಕ್ಕಳನ್ನು ಕೂರಿಸುತ್ತೇವೆ. ಐವತ್ತು ದಾಟಿದ ಮೇಲೆ ಮೂಳೆ ಸವೆತಕ್ಕೆ ಕ್ಯಾಲ್ಸಿಯಂ ಮಾತ್ರೆ ಹುಡುಕುತ್ತೇವೆ.

ಈ ಆಟವೇ ಏಕೆ?

ಬಾಸ್ಕೆಟ್‌ಬಾಲ್‌ಗೆ ದೊಡ್ಡ ಮೈದಾನ ಬೇಡ. ಪೂರ್ಣ ಅಂಕಣವೇ 28 ಮೀಟರ್ ಉದ್ದ, 15 ಮೀಟರ್ ಅಗಲ. ಕಲಿಯುವವರಿಗೆ ಅದರ ಅರ್ಧ ಸಾಕು. 3.05 ಮೀಟರ್ ಎತ್ತರದಲ್ಲಿ ಒಂದು ರಿಂಗ್, ಒಂದು ಚೆಂಡು, ನಾಲ್ಕು ಮಂದಿ ಇದ್ದರೆ ಆಟ ನಡೆಯುತ್ತದೆ. ಸುತ್ತ ಗೋಡೆ ಅಥವಾ ಪರದೆ ಇರುವ ಜಾಗದಲ್ಲೂ ಆಡಬಹುದು. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಇದನ್ನು ರೂಪಿಸಿದ್ದೇ ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲೆಂದು. ಮರುವರ್ಷವೇ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ಸ್ಮಿತ್ ಕಾಲೇಜಿನ ವಿದ್ಯಾರ್ಥಿನಿಯರಿಗೆ ಇದನ್ನು ಕಲಿಸಿದರು. 1893ರಲ್ಲಿ ಅಲ್ಲಿ ನಡೆದ ಪಂದ್ಯ ನೋಡಲು ಗಂಡಸರಿಗೆ ಪ್ರವೇಶವೇ ಇರಲಿಲ್ಲ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಏರ್ಪಾಡು ಬೇಕು ಎನ್ನುವುದು ನಮ್ಮ ಕಾಲದ, ನಮ್ಮ ಸಮುದಾಯದ ಹೊಸ ಬೇಡಿಕೆಯೇನಲ್ಲ.

ಉಡುಪಿನ ತಕರಾರೂ ಈಗ ಉಳಿದಿಲ್ಲ. ಹಿಂದೆ ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ ತಲೆಯುಡುಪಿಗೆ ಅವಕಾಶ ಕೊಡುತ್ತಿರಲಿಲ್ಲ. 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಹಿಜಾಬ್ ತೆಗೆಯಲು ಒಪ್ಪದ ಕತರ್‌ನ ಮಹಿಳಾ ತಂಡ ಕೂಟದಿಂದಲೇ ಹಿಂದೆ ಸರಿಯಿತು. ಹಿಜಾಬ್ ಧರಿಸಿಯೇ ಅಮೆರಿಕದ ಕಾಲೇಜು ಮಟ್ಟದಲ್ಲಿ ಮಿಂಚಿದ ಬಿಲ್ಕೀಸ್ ಅಬ್ದುಲ್ ಖಾದರ್, ಇದೇ ನಿಯಮದಿಂದಾಗಿ ವೃತ್ತಿಪರ ಆಟದ ಕನಸನ್ನು ಕೈಬಿಡಬೇಕಾಯಿತು. ಅವರಂಥವರ ಹೋರಾಟದ ಬಳಿಕ 2017ರಲ್ಲಿ ನಿಯಮ ಬದಲಾಯಿತು. ಮುಖ ಮುಚ್ಚದ, ಮುಖ ಮತ್ತು ಕತ್ತಿನ ಸುತ್ತ ಪಿನ್ನು ಗುಂಡಿಗಳಿಲ್ಲದ ತಲೆಯುಡುಪನ್ನು ಈಗ ಧರಿಸಬಹುದು. ಮನೆಯಂಗಳದಲ್ಲಿ ಆಡುವವರೂ ಈ ಪಿನ್ನಿನ ಮಾತನ್ನು ನೆನಪಿಡಬೇಕು. ಬೆವರು ಹೀರುವ, ಎಳೆದು ಹಾಕಿಕೊಳ್ಳುವ ಬಟ್ಟೆಯೇ ಒಳ್ಳೆಯದು. ಒಕ್ಕೂಟ ಬಾಗಿಲು ತೆರೆದಿದೆ, ಇನ್ನು ತೆರೆಯಬೇಕಾದ್ದು ನಮ್ಮ ಮನೆಯ ಬಾಗಿಲು.

ಮೊದಲು ಕಾಲು, ಆಮೇಲೆ ಚೆಂಡು

ಆಡಲು ಬಿಟ್ಟರಷ್ಟೇ ಸಾಲದು, ಸರಿಯಾಗಿ ಕಲಿಸಬೇಕು. ಮಕ್ಕಳು ಮೊದಲ ದಿನವೇ ದೂರದಿಂದ ಬುಟ್ಟಿಗೆ ಎಸೆಯಲು ಹೋಗುತ್ತಾರೆ. ದೊಡ್ಡವರೂ ಅದನ್ನೇ ನೋಡಿ ಚಪ್ಪಾಳೆ ತಟ್ಟುತ್ತಾರೆ. ನನ್ನ ಪ್ರಕಾರ ಮೊದಲ ತಿಂಗಳು ಪಂದ್ಯವೇ ಬೇಡ.

ಚೆಂಡು ವಯಸ್ಸಿಗೆ ತಕ್ಕದಿರಲಿ. ಹನ್ನೊಂದು ವರ್ಷದವರೆಗಿನ ಮಕ್ಕಳಿಗೆ 5ನೇ ಅಳತೆ, ಅದಕ್ಕಿಂತ ದೊಡ್ಡ ಹುಡುಗಿಯರಿಗೆ 6, ಹುಡುಗರಿಗೆ 7. ದೊಡ್ಡ ಚೆಂಡು ಹಿಡಿದ ಚಿಕ್ಕ ಮಗು ಭುಜ ತಿರುಚಿ ಎಸೆಯುತ್ತದೆ. ಆ ಅಭ್ಯಾಸ ಮತ್ತೆ ಹೋಗುವುದಿಲ್ಲ.

ನಿಲ್ಲುವುದನ್ನು ಮೊದಲು ಕಲಿಸಿ. ಕಾಲುಗಳು ಭುಜದಷ್ಟು ಅಗಲ, ಮೊಣಕಾಲು ಬಾಗಿರಲಿ, ಬೆನ್ನು ನೇರವಿರಲಿ. ಆಮೇಲೆ ಜಿಗಿದು ಇಳಿಯುವುದು. ಎರಡೂ ಪಾದಗಳ ಮೇಲೆ, ಸದ್ದಾಗದಂತೆ, ಮೊಣಕಾಲು ಬಾಗಿಸಿ ಇಳಿಯಬೇಕು. ಮೊಣಕಾಲುಗಳು ಒಳಮುಖವಾಗಿ ಕೂಡಿಕೊಳ್ಳಬಾರದು. ಈ ಆಟದಲ್ಲಿ ಮೊಣಕಾಲಿನ ಒಳಗಿನ ಅಸ್ಥಿರಜ್ಜು ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು. ಸರಿಯಾಗಿ ಇಳಿಯಲು ಕಲಿತರೆ ಆ ಅಪಾಯ ಕಡಿಮೆಯಾಗುತ್ತದೆ.

ಚೆಂಡನ್ನು ಪುಟಿಸುವಾಗ ಅಂಗೈ ತಾಗಬಾರದು, ಬೆರಳುಗಳು ದುಡಿಯಬೇಕು. ಚೆಂಡು ಸೊಂಟದ ಮಟ್ಟ ಮೀರಬಾರದು. ಕಣ್ಣು ಚೆಂಡಿನ ಮೇಲಲ್ಲ, ಎದುರಿಗಿರಬೇಕು. ಬಲಗೈಗೆ ಎಷ್ಟು ಅಭ್ಯಾಸವೋ ಎಡಗೈಗೂ ಅಷ್ಟೇ. ಜೊತೆಗಾರರಿಗೆ ಚೆಂಡು ಕೊಡುವುದನ್ನು ಎದೆಯ ಮಟ್ಟದಲ್ಲಿ ನೇರವಾಗಿಯೂ, ನೆಲಕ್ಕೆ ಒಮ್ಮೆ ಪುಟಿಸಿಯೂ ಕಲಿಸಿ. ಬುಟ್ಟಿಗೆ ಎಸೆಯುವುದು ಕೊನೆಗೆ, ಅದೂ ರಿಂಗ್‌ನ ಹತ್ತಿರ ನಿಂತು. ಶಕ್ತಿ ಬರಬೇಕಾದ್ದು ಮೊಣಕಾಲಿನಿಂದ. ಚೆಂಡು ಕೈಬಿಟ್ಟ ಮೇಲೆ ಮಣಿಕಟ್ಟು ಮುಂದಕ್ಕೆ ಬಾಗಿರಬೇಕು. ಹತ್ತಿರದಿಂದ ಹತ್ತರಲ್ಲಿ ಆರು ಬೀಳಲಾರಂಭಿಸಿದರೆ ಒಂದು ಹೆಜ್ಜೆ ಹಿಂದೆ ಸರಿಯಿರಿ.

ಹೊಸಬರಿಗೆ ವಾರದಲ್ಲಿ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ, ಮುಕ್ಕಾಲು ಗಂಟೆ ಸಾಕು. ಅಸರ್‌ನ ನಂತರ ಮಗ್ರಿಬ್‌ಗೆ ಮೊದಲು ಅಷ್ಟು ಸಮಯ ಸಿಗುತ್ತದೆ. ಮೊದಲ ಹತ್ತು ನಿಮಿಷ ನಿಧಾನ ಓಟ, ಹಗ್ಗದಾಟ, ಪಕ್ಕಕ್ಕೆ ಸರಿಯುವ ಹೆಜ್ಜೆಗಳು. ನಂತರ ಇಪ್ಪತ್ತು ನಿಮಿಷ ಚೆಂಡಿನ ಅಭ್ಯಾಸ. ಹತ್ತು ನಿಮಿಷ ಬಸ್ಕಿ, ಗೋಡೆಗೆ ಕೈಯೂರಿ ಮಾಡುವ ದಂಡ, ಇಪ್ಪತ್ತು ಸೆಕೆಂಡಿನ ಪ್ಲ್ಯಾಂಕ್. ಕೊನೆಯ ಐದು ನಿಮಿಷ ಕಾಲು, ಸೊಂಟ, ಭುಜಗಳನ್ನು ಮೆಲ್ಲಗೆ ಎಳೆದು ಸಡಿಲಿಸುವುದು. ಆಡುವಾಗ ಎದೆನೋವು, ತಲೆಸುತ್ತು ಕಂಡರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮುಟ್ಟಿನ ದಿನಗಳಲ್ಲಿ ಮೈ ಒಪ್ಪಿದರೆ ಆಡಲು ಅಡ್ಡಿಯಿಲ್ಲ.

ಆಟದೊಂದಿಗೆ ಊಟವೂ ಸರಿಯಾಗಬೇಕು. ಮಾಂಸ, ಕಡಲೆ, ಹೆಸರುಕಾಳು, ನುಗ್ಗೆಸೊಪ್ಪು, ಜೊತೆಗೆ ಲಿಂಬೆ. ಊಟವಾದ ತಕ್ಷಣ ಚಹಾ ಕುಡಿಯುವ ನಮ್ಮ ಅಭ್ಯಾಸ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ರಮಝಾನ್‌ನಲ್ಲಿ ಹಕೀಮ್ ಒಲಾಜುವಾನ್ ಉಪವಾಸವಿದ್ದೇ ಆಡಿ, 1995ರ ಫೆಬ್ರವರಿಯಲ್ಲಿ ಎನ್‌ಬಿಎಯ ತಿಂಗಳ ಆಟಗಾರರಾದದ್ದು ನಿಜ. ಆದರೆ ಅವರು ವರ್ಷಗಟ್ಟಲೆ ಪಳಗಿದ ವೃತ್ತಿಪರ ಆಟಗಾರ. ನಮ್ಮ ಮಕ್ಕಳಿಗೆ ಆ ತಿಂಗಳು ಇಫ್ತಾರ್‌ನ ನಂತರ ನೀರು ಕುಡಿದು ಹಗುರವಾದ ಅಭ್ಯಾಸ ಸಾಕು.

ಶಾಲೆ ನಡೆಸುವವರಿಗೊಂದು ಮಾತು

ನಮ್ಮವರೇ ನಡೆಸುವ ಶಾಲೆಗಳು ಈಗ ಎಷ್ಟೋ ಇವೆ. ಕಟ್ಟಡಕ್ಕೆ, ಕಂಪ್ಯೂಟರ್ ಕೊಠಡಿಗೆ ಹಣ ಹೊಂದಿಸುವ ನಮಗೆ ಎರಡು ಕಂಬ, ಎರಡು ರಿಂಗ್ ದೊಡ್ಡ ಖರ್ಚಲ್ಲ. ಇದ್ದ ಅಂಕಣವೂ ಹಲವೆಡೆ ವಾಹನ ನಿಲ್ಲಿಸುವ ಜಾಗವಾಗಿದೆ. ವಾರದಲ್ಲಿ ಮೂರು ಸಂಜೆ ಅದನ್ನು ಹುಡುಗಿಯರಿಗೂ ತಾಯಂದಿರಿಗೂ ಮೀಸಲಿಡಿ, ಒಬ್ಬ ಶಿಕ್ಷಕಿಯನ್ನು ನೇಮಿಸಿ. ಪೋಷಕರ ಸಭೆಯಲ್ಲಿ ಅಂಕ ಕೇಳುವ ನಾವು, "ನನ್ನ ಮಗಳು ವಾರಕ್ಕೆ ಎಷ್ಟು ಗಂಟೆ ಆಡುತ್ತಾಳೆ?" ಎಂದೂ ಕೇಳೋಣ.

ಹಿರಿಯವಳ ಹಿಮೋಗ್ಲೋಬಿನ್ ಔಷಧಿ ಮತ್ತು ಊಟದಿಂದ ಸರಿಯಾಯಿತು. ಈಗ ಕಿರಿಯವಳು ಎಂಟನೇ ತರಗತಿಗೆ ಬಂದಿದ್ದಾಳೆ. ಕಳೆದ ತಿಂಗಳು ಹಿರಿಯವಳೇ ಅಟ್ಟದಿಂದ ಚೆಂಡು ಇಳಿಸಿ ಗಾಳಿ ತುಂಬಿಸಿ ತಂದಳು. ಅಂಗಳದಲ್ಲಿ ತಂಗಿಗೂ ನನಗೂ ಅವಳದೇ ಪಾಠ. "ಉಮ್ಮಾ, ಮೊಣಕಾಲು ಬಗ್ಗಿಸಿ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಾಳೆ. ಅವಳಿಂದ ಐದು ವರ್ಷ ಕಿತ್ತುಕೊಂಡವಳು ನಾನು, ಬಗ್ಗಿಸುತ್ತೇನೆ.