ಬಳೆ ಒಡೆಯುವುದು ಶೋಕವಲ್ಲ

ಮಂಗಳಗಿರಿಯ ಕೈಮಗ್ಗದ ಹತ್ತಿಸೀರೆ ನಾಡೆಲ್ಲ ಮೆಚ್ಚಿದ ನೇಯ್ಗೆ. ಆದರೆ ಹತ್ತೊಂಬತ್ತನೆಯ ಶತಮಾನದ ಕರಾವಳಿ ಆಂಧ್ರದಲ್ಲಿ ಸೀರೆಯ ಬಣ್ಣವನ್ನು ಆರಿಸುವ ಹಕ್ಕು ಅನೇಕ ಮನೆಗಳಲ್ಲಿ ಪತಿಯ ಆಯುಸ್ಸಿನೊಡನೆಯೇ ಮುಗಿಯುತ್ತಿತ್ತು. ಬಳೆ ಒಡೆಯುವುದು, ತಾಳಿ ತೆಗೆಯುವುದು, ಕುಂಕುಮ ಅಳಿಸುವುದು, ಕೆಲವು ಮನೆತನಗಳಲ್ಲಿ ಕೇಶಮುಂಡನ: ಇವೆಲ್ಲ ಶೋಕದ ಹೆಸರಿನಲ್ಲಿ ನಡೆದವು. 1856ರಲ್ಲಿಯೇ ವಿಧವಾ ಪುನರ್ವಿವಾಹಕ್ಕೆ ಕಾನೂನಿನ ಮನ್ನಣೆ ದೊರೆತಿದ್ದರೂ, ಕಂದುಕೂರಿ ವೀರೇಶಲಿಂಗಂ ಅವರು ರಾಜಮಹೇಂದ್ರಿಯಲ್ಲಿ ಅಂತಹ ಮೊದಲ ವಿವಾಹ ನೆರವೇರಿಸಿದ್ದು 1881ರ ಡಿಸೆಂಬರ್ 11ರಂದು. ಕಾಯಿದೆಯಿಂದ ಕಲ್ಯಾಣಮಂಟಪಕ್ಕೆ ಬರಲು 25 ವರ್ಷ ಹಿಡಿಯಿತು.

ಅದೇ ಕಾಲದ ಇಂಗ್ಲೆಂಡಿನಲ್ಲಿ 1861ರಲ್ಲಿ ಪತಿಯನ್ನು ಕಳೆದುಕೊಂಡ ವಿಕ್ಟೋರಿಯಾ ರಾಣಿ 1901ರಲ್ಲಿ ತೀರಿಕೊಳ್ಳುವವರೆಗೂ ಕಪ್ಪುಡುಗೆಯನ್ನೇ ಧರಿಸಿದಳು. ಅಲ್ಲಿಯೂ ಶೋಕದ ಭಾರ ಹೆಣ್ಣಿನ ಮೇಲೆಯೇ ಹೆಚ್ಚು. ಆದರೂ ಸಾಮಾನ್ಯ ವಿಧವೆಗೆ ಕೆಲ ವರ್ಷಗಳಲ್ಲಿ ಕಪ್ಪಿನಿಂದ ಬೂದು, ನೇರಳೆ ಬಣ್ಣಗಳಿಗೆ ಮರಳುವ ದಾರಿಯಿತ್ತು. ಇಲ್ಲಿ ಶೋಕಕ್ಕೆ ಅವಧಿಯೇ ಇರಲಿಲ್ಲ.

ಜೈನ ಸಮಾಜವು ಈ ರೂಢಿಯಿಂದ ಹೊರತಾಗಿ ಉಳಿಯಲಿಲ್ಲ. ಆರ್ಯಿಕೆಯರು ಬಿಳಿಸೀರೆ ಉಡುತ್ತಾರೆ, ಕೇಶಲೋಚ ಮಾಡಿಕೊಳ್ಳುತ್ತಾರೆ. ಅದು ಸ್ವೇಚ್ಛೆಯ ದೀಕ್ಷೆ. ವಿಧವೆಗೆ ಹೊರಿಸಿದ ಬಿಳುಪು ತ್ಯಾಗವಲ್ಲ, ದಂಡನೆ. ಇಷ್ಟವಿಯೋಗದ ದುಃಖವನ್ನು ಆರ್ತಧ್ಯಾನವೆಂದು ಎಣಿಸುವ ಧರ್ಮದಲ್ಲಿ, ಅದೇ ದುಃಖವನ್ನು ಒಬ್ಬಳ ಮೈಮೇಲೆ ಆಜೀವ ಉಳಿಸುವುದು ಹೇಗೆ ಸಲ್ಲುತ್ತದೆ?

ಇದರಲ್ಲಿ ಲೆಕ್ಕದ ಮಾತೂ ಇದೆ. 1878ರಷ್ಟು ಹಿಂದೆಯೇ, ಉತ್ತರ ಭಾರತದ ಜೈನ ಕುಟುಂಬವೊಂದರ ವ್ಯಾಜ್ಯದಲ್ಲಿ, ಪತಿಯ ಸ್ವಯಾರ್ಜಿತ ಆಸ್ತಿಯ ಮೇಲೆ ವಿಧವೆಗೆ ಪೂರ್ಣಾಧಿಕಾರವಿರುವ ಜೈನ ರೂಢಿಯನ್ನು ಪ್ರಿವಿ ಕೌನ್ಸಿಲ್ ಮಾನ್ಯ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಅದರ 14ನೆಯ ಕಲಮಿನಂತೆ ಸ್ತ್ರೀಧನಕ್ಕೆ ಅವಳೇ ಪೂರ್ಣ ಒಡತಿ. ಹೀಗಿರುವಾಗ ಸೂತಕದ ದಿನಗಳಲ್ಲಿ ಕಳಚಿದ ಒಡವೆ "ಜೋಪಾನಕ್ಕೆ" ಎಂದು ಮನೆಯವರ ಬೀರು ಸೇರಿ ಮರಳದಿದ್ದರೆ ಅದು ಸಂಪ್ರದಾಯವಲ್ಲ, ಪರಸ್ವಹರಣ. ಅಚೌರ್ಯಾಣುವ್ರತ ಮನೆಯ ಹೊರಗಿನವರ ಸೊತ್ತಿಗಷ್ಟೇ ಅಲ್ಲ.

ಬೆಳಗಾವಿಗೆ ಹೊಂದಿದ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹೇರವಾಡ ಗ್ರಾಮ 2022ರ ಮೇ ತಿಂಗಳಲ್ಲಿ ಈ ಆಚರಣೆಗಳನ್ನು ನಿಲ್ಲಿಸುವ ಠರಾವು ಮಾಡಿತು. ಇತರ ಗ್ರಾಮಗಳೂ ಅದನ್ನು ಅನುಸರಿಸಲೆಂದು ಮಹಾರಾಷ್ಟ್ರ ಸರ್ಕಾರ ಅದೇ ತಿಂಗಳು ಸೂಚಿಸಿತು. ಒಂದು ಹಳ್ಳಿಗೆ ಸಾಧ್ಯವಾದದ್ದು ವಿಜಯವಾಡ, ವಿಶಾಖಪಟ್ಟಣಗಳಂತಹ ಊರುಗಳಲ್ಲಿ ನೆಲೆಸಿದ ವಿದ್ಯಾವಂತ ಕುಟುಂಬಗಳಿಗೆ ಅಸಾಧ್ಯವಲ್ಲ. ಬಳೆ ಒಡೆಯಬಾರದು, ಒಡವೆಗಳ ಪಟ್ಟಿ ಬರೆದು ಅವಳ ಕೈಗೇ ಒಪ್ಪಿಸಬೇಕು, ಏನು ಉಡಬೇಕು, ಏನು ತೊಡಬೇಕು ಎಂಬುದನ್ನು ಅವಳೇ ನಿಶ್ಚಯಿಸಲಿ. ಮುಂದಿನ ಸಾವಿನ ಮನೆಯಲ್ಲಿ ಹಿರಿಯರೊಬ್ಬರು ಇಷ್ಟು ನುಡಿದರೆ ಸಾಕು, ಸುಧಾರಣೆ ಅಲ್ಲಿಂದಲೇ ಆರಂಭವಾಗುತ್ತದೆ.